ಓದಿ ಹೇಳಿದ್ದೇನೆ

ಅಕ್ಕನ ಎಡಗೈಯ ಬಳೆಯಲ್ಲಿ ಯಾವಾಗಲೂ ಒಂದು ಸೇಫ್ಟಿ ಪಿನ್ನು ನೇತಾಡುತ್ತಿರುತ್ತದೆ. ನಮ್ಮೂರಿನ ಗುಂಡು ಬದನೆ ಮಟ್ಟುಗುಳ್ಳದ ತೊಟ್ಟಿಗೆ ಮುಳ್ಳುಂಟು. ಹೆಚ್ಚು ಕಾಯಿ ಕೊಯ್ದ ದಿನ ಅವಳ ಬೆರಳ ತುದಿಗಳಲ್ಲಿ ಕಪ್ಪು ಚುಕ್ಕೆಗಳ ಹಾಗೆ ಮುಳ್ಳುಗಳು ಕೂತಿರುತ್ತವೆ. ಸಂಜೆ ಜಗಲಿಯ ಮೆಟ್ಟಿಲ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು, ಆ ಪಿನ್ನಿನಿಂದ ಒಂದೊಂದನ್ನೇ ಎಬ್ಬಿಸಿ ತೆಗೆಯುತ್ತಾಳೆ. ಆಗ ಯಾರು ಕರೆದರೂ ಅವಳಿಗೆ ಕೇಳುವುದಿಲ್ಲ. ಕೊನೆಯ ಮುಳ್ಳು ಹೊರಗೆ ಬಂದ ಮೇಲೆ ಪಿನ್ನನ್ನು ಸೆರಗಿಗೆ ಒರೆಸಿ, "ಹಾಂ, ಈಗ ಹೇಳು, ಎಂತ?" ಅನ್ನುತ್ತಾಳೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಹೆಂಗಸು ಇದೇ ಪಿನ್ನು ಹಿಡಿದು ನಮ್ಮೂರಿನಿಂದ ಕಾರ್ಕಳದವರೆಗೆ ಸರಕಾರಿ ಶಾಲೆಯ ಮಕ್ಕಳಿಗೆ ಹಣದ ಕಾಗದ ಓದಲು ಕಲಿಸಿದಳು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ಕಂಡವನು, ನನಗೇ ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಆ ಪಾಠ ಹುಟ್ಟಿದ್ದು ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನು ಬಿಟ್ಟು ಅಕ್ಕನ ಬಗ್ಗೆ ಬರೆಯಲು ನನ್ನಿಂದಾಗದು.

ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಮಟ್ಟುವಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಬಾವಿಯಷ್ಟೇ ಅಡ್ಡ. ಅವಳು ಗುಳ್ಳ ಬೆಳೆಯುತ್ತಾಳೆ, ನಾನು ಅದನ್ನು ನನ್ನ ಗೂಡ್ಸ್ ಟೆಂಪೊದಲ್ಲಿ ಉಡುಪಿಯ ಮಾರ್ಕೆಟ್ಟಿಗೆ ಒಯ್ಯುತ್ತೇನೆ. ಭಾವ ಮಲ್ಪೆಯಲ್ಲಿ ಮೀನಿನ ಬೋಟಿಗೆ ಹೋಗುವವರು, ಮನೆಯಲ್ಲಿ ಇರುವ ದಿನ ಕಡಿಮೆ. ನಾವು ಚಿಕ್ಕವರಿದ್ದಾಗ ಮನೆಗೆ ಬೀಡಿ ಕಟ್ಟುವ ಇನ್ನೆರಡು ಕೈ ಬೇಕಾಯಿತು. ಆ ಕೈ ಅಕ್ಕನದಾಯಿತು. ನಾನು ಒಂಬತ್ತನೆಯವರೆಗೆ ಹೋದೆ. ಹೋದೆ ಎಂದೆ, ಓದಿದೆ ಎನ್ನಲಿಲ್ಲ. ಆದರೆ ಅಕ್ಕನ ಲೆಕ್ಕದಲ್ಲಿ ನಾನು ಪಂಡಿತ. "ನೀನು ಇಬ್ಬರ ಶಾಲೆಯನ್ನು ಒಬ್ಬನೇ ಓದಿದವ" ಎನ್ನುತ್ತಿದ್ದಳು. ಅದರಲ್ಲಿ ಚುಚ್ಚು ಇರಲಿಲ್ಲ, ಹೆಮ್ಮೆ ಇತ್ತು. ಕರೆಂಟು ಬಿಲ್ಲಿನಿಂದ ಮದುವೆಯ ಕಾಗದದವರೆಗೆ ಮನೆಗೆ ಏನು ಬಂದರೂ ಮೊದಲು ನನ್ನ ಕೈಗೆ. ನಾನೂ ಕನ್ನಡಕ ಇಲ್ಲದಿದ್ದರೂ ಇದ್ದವರ ಹಾಗೆ ಕಾಗದವನ್ನು ದೂರ ಹಿಡಿದು, ಗಂಟಲು ಸರಿಮಾಡಿ ಓದುತ್ತಿದ್ದೆ.

ಅಕ್ಕ ಓದುತ್ತಿದ್ದದ್ದು ಗುಳ್ಳವನ್ನು. ಕೊಯ್ದ ಪ್ರತಿ ಕಾಯಿಯನ್ನೂ ತಿರುಗಿಸಿ, ತೊಟ್ಟಿನ ಟೊಪ್ಪಿಯನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿಯೇ ಬುಟ್ಟಿಗೆ ಹಾಕುವುದು. "ಹುಳ ಮುಂಬಾಗಿಲಿನಿಂದ ಬರುವುದಿಲ್ಲ ಮಾರಾಯ, ತೊಟ್ಟಿನ ಅಡಿಯಿಂದ ಬರುತ್ತದೆ" ಎನ್ನುತ್ತಾಳೆ. ಒಮ್ಮೆ ಉಡುಪಿಯಲ್ಲಿ ಒಬ್ಬ ವ್ಯಾಪಾರಿ ಎಲ್ಲಿಂದಲೋ ತಂದ ಬದನೆಯನ್ನು ಮಟ್ಟುವಿನದು ಎಂದು ಮಾರುತ್ತಿದ್ದ. ಅಕ್ಕ ಒಂದು ಕಾಯಿ ಎತ್ತಿ, ಬೆರಳಲ್ಲಿ ಒತ್ತಿ, ಅವನ ಮುಖ ನೋಡಿ ಹೇಳಿದಳು, "ಇದು ಮಟ್ಟುವಿನದ್ದಾ? ಇದರ ಅಜ್ಜನೂ ಮಟ್ಟು ನೋಡಿರಲಿಕ್ಕಿಲ್ಲ." ಸುತ್ತ ನಿಂತವರೆಲ್ಲ ನಕ್ಕರು. ವ್ಯಾಪಾರಿಯೂ ನಕ್ಕ, ಬೇರೆ ಏನು ಮಾಡುವುದು!

ಇಂಥವಳು ಒಂದು ಕಾಗದಕ್ಕೆ ಸೋತಳು. ಸೋಲಿಸಿದ್ದು ನಾನು.

ಬೀಡಿ ಕಟ್ಟುವುದನ್ನು ನಿಲ್ಲಿಸಿದಾಗ ಅವಳಿಗೆ ಪಿ.ಎಫ್. ಹಣ ಒಟ್ಟಿಗೆ ಬಂತು. ಮಗಳು ಆಗ ಒಂಬತ್ತನೆಯಲ್ಲಿದ್ದಳು. ಪಿಯುಸಿ ಆದ ಮೇಲೆ ಮಣಿಪಾಲದ ಕಡೆ ನರ್ಸಿಂಗ್ ಓದಿಸಬೇಕು, ಅದಕ್ಕೆ ಈ ಹಣ ಎಂದು ಅಕ್ಕ ತೀರ್ಮಾನಿಸಿದ್ದಳು. ಸುದ್ದಿ ಹೇಗೆ ಸಿಕ್ಕಿತೋ, ಉಡುಪಿಯಿಂದ ಒಬ್ಬ ಏಜೆಂಟರು ಬಂದರು. ಒಂದೇ ಸಲ ಹಾಕಿದರೆ ಸಾಕು, ಮಗಳ ಪಿಯುಸಿ ಮುಗಿಯುವಾಗ ಎರಡು ಪಟ್ಟು ಎಂದರು. ಅಕ್ಕ ಚಾ ತಂದಿಟ್ಟು ನನ್ನನ್ನು ಕರೆಸಿದಳು. ಏಜೆಂಟರು ಎದ್ದು ನಿಂತು ನನಗೆ ಕೈ ಮುಗಿದು, "ಬನ್ನಿ ಸರ್" ಎಂದರು. ಟೆಂಪೊ ಓಡಿಸುವವನನ್ನು ಅದುವರೆಗೆ ಯಾರೂ ಸರ್ ಎಂದಿರಲಿಲ್ಲ.

ಎಂಟೋ ಹತ್ತೋ ಪುಟದ ಅರ್ಜಿ. ಇಂಗ್ಲಿಷು, ಅದರ ಕೆಳಗೆ ಸಣ್ಣ ಅಕ್ಷರದ ಕನ್ನಡ. ನಾನು ಎರಡು ಪುಟ ತಿರುಗಿಸಿದೆ. "ನೀವು ಓದಿದವರು ಸರ್, ನಿಮಗೆ ನಾನು ಹೇಳಬೇಕಾ? ಇಲ್ಲಿ ನಿಮ್ಮದೂ ಒಂದು ಸಹಿ" ಎಂದು ಏಜೆಂಟರು ಕೊನೆಯ ಪುಟ ತೋರಿಸಿದರು. ಪೂರ್ತಿ ಓದಲು ಕೂತರೆ ನಾನು ತಡವರಿಸುವುದು ಅವರಿಗೆ ಗೊತ್ತಾಗುತ್ತಿತ್ತು. ಆ ನಾಚಿಕೆಗೆ ಹೆದರಿ, ಕಣ್ಣನ್ನು ಸಾಲುಗಳ ಮೇಲೆ ಸುಮ್ಮನೆ ಓಡಿಸಿದೆ. ಅಕ್ಕ ಕೇಳಿದಳು.

"ಓದಿದೆಯಾ?"

"ಓದಿದೆ ಅಕ್ಕ. ಎಲ್ಲ ಸರಿ ಉಂಟು."

ಇಷ್ಟು ಹೇಳಿ, ಇಂಗ್ಲಿಷಿನಲ್ಲಿ ಸಹಿ ಹಾಕಿದೆ. ಉದ್ದಕ್ಕೆ ಬಾಲ ಎಳೆದು.

ಮೂರು ವರ್ಷ ಕಳೆದು, ಮಗಳಿಗೆ ಸೀಟು ಸಿಕ್ಕಿದ ವಾರ, ನಾವು ಮೂವರೂ ಮಳೆಯಲ್ಲಿ ನೆನೆಯುತ್ತಾ ಆ ಆಫೀಸಿಗೆ ಹೋದೆವು. ಅಲ್ಲಿದ್ದ ಅಧಿಕಾರಿಣಿ ಕಂಪ್ಯೂಟರ್ ನೋಡಿ, ಮತ್ತೆ ನಮ್ಮನ್ನು ನೋಡಿ ಮೆಲ್ಲನೆ ಹೇಳಿದರು, "ಅಮ್ಮಾ, ಇದು ಡಿಪಾಸಿಟ್ ಅಲ್ಲ. ಇನ್ಶೂರೆನ್ಸ್. ಹತ್ತು ವರ್ಷ, ವರ್ಷ ವರ್ಷವೂ ಕಟ್ಟಬೇಕಿತ್ತು. ನೀವು ಒಂದೇ ವರ್ಷ ಕಟ್ಟಿದ್ದೀರಿ." ಸಿಗುವ ಹಣ ಹಾಕಿದ್ದರ ಕಾಲು ಭಾಗವೂ ಇರಲಿಲ್ಲ. ಏಜೆಂಟರು ಆ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದರು. ಮಗಳು ಕುರ್ಚಿಯಲ್ಲೇ ಅಳಲು ಶುರು ಮಾಡಿದಳು. ಅಕ್ಕ ನನ್ನ ಕಡೆ ತಿರುಗಿದಳು. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಜೋರಾಗಿ, "ನಾನು ಪೂರ್ತಿ ಓದಿದ್ದೇನೆ! ಹಾಗೆ ಎಲ್ಲಿಯೂ ಬರೆದಿರಲಿಲ್ಲ. ನಮಗೆ ಮೋಸ ಮಾಡಿದ್ದಾರೆ" ಎಂದು ಕೂಗಾಡಿದೆ. ಕಟ್ಟಲು ನೆನಪಿಸುವ ಮೆಸೇಜುಗಳು ನನ್ನ ಮೊಬೈಲಿಗೇ ಬಂದಿದ್ದವು. ಇಂಗ್ಲಿಷಿನಲ್ಲಿದ್ದ ಕಾರಣ ಯಾವುದೋ ಜಾಹೀರಾತು ಎಂದು ಅಳಿಸಿ ಹಾಕಿದ್ದೆ. ಅದನ್ನೂ ಹೇಳಲಿಲ್ಲ. ಅಕ್ಕ ನಮ್ಮ ಬಳಿ ಇದ್ದ ಆ ಅರ್ಜಿಯ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟಳು.

ಮಗಳ ಒಂದು ವರ್ಷ ಹಾಳಾಯಿತು. ಅವಳು ಮಣಿಪಾಲದ ಒಂದು ಮೆಡಿಕಲ್ ಶಾಪಿಗೆ ಕೆಲಸಕ್ಕೆ ಸೇರಿದಳು.

ಆ ಮಳೆಗಾಲದಲ್ಲಿ ಅಕ್ಕ ಪ್ರತಿ ಸಂಜೆ ಜಗಲಿಯ ಮೆಟ್ಟಿಲ ಮೇಲೆ ನನ್ನ ಮನೆಗೆ ಬೆನ್ನು ಹಾಕಿ, ಪಿನ್ನು ಹಿಡಿದು ತಲೆ ಬಗ್ಗಿಸಿ ಕೂರುತ್ತಿದ್ದಳು. ಮುಳ್ಳು ತೆಗೆಯುತ್ತಿದ್ದಾಳೆ ಎಂದುಕೊಂಡೆ. ಮಳೆಗಾಲದಲ್ಲಿ ಗುಳ್ಳ ಇರುವುದಿಲ್ಲ, ಗುಳ್ಳ ಇಲ್ಲದೆ ಮುಳ್ಳು ಎಲ್ಲಿಂದ ಎಂದು ಹೊಳೆಯಲಿಲ್ಲ ನೋಡಿ! ಒಂದು ದಿನ ಬಾವಿಕಟ್ಟೆಯಲ್ಲಿ ಕೇಳಿದಳು, "ತಕ್ಕದ್ದು ಅಂದರೆ ಎಂತ ಮಾರಾಯ?"

"ಅದು ಕಾಗದದವರ ಕನ್ನಡ. ಮಾಡತಕ್ಕದ್ದು ಅಂದರೆ ಮಾಡಲೇಬೇಕು ಅಂತ."

"ಹಾಗಾ? ನೇರ ಹೇಳಿದರೆ ಅವರಿಗೆ ಎಂತ ಖರ್ಚು ಉಂಟು?" ಎಂದು ಕೊಡ ಎತ್ತಿಕೊಂಡು ಹೋದಳು.

ಮಳೆಗಾಲ ಮುಗಿದು ಹೊಸ ಗುಳ್ಳ ಬಂದ ಮೇಲೆ ಒಂದು ಬೆಳಗ್ಗೆ, "ಟೆಂಪೊ ತೆಗಿ, ಶಾಲೆಗೆ ಹೋಗುವ" ಎಂದಳು. ಅವಳು ಬಿಟ್ಟ ಶಾಲೆ, ನಾನು ಓದಿದ ಶಾಲೆ. ಹೆಡ್‌ಟೀಚರ್ ಕಾರ್ಕಳದ ಹತ್ತಿರದ ಕುಕ್ಕುಂದೂರಿನವರು, ದಿನಾ ಬಸ್ಸಿನಲ್ಲಿ ಬರುವವರು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ನೇರ ವಿಷಯಕ್ಕೆ ಬಂದಳು.

"ಟೀಚರ್, ಹಣದ ಬಗ್ಗೆ ಪಾಠದಲ್ಲಿ ಎಂತ ಉಂಟು?"

"ಸರಳ ಬಡ್ಡಿ ಉಂಟಲ್ಲ. ಅಸಲು, ದರ, ಅವಧಿ."

"ದರ ಹೇಳಿದವ ಸತ್ಯ ಹೇಳಿದ್ದಾನಾ ಇಲ್ಲವಾ ಅಂತ ನೋಡುವುದು ಉಂಟಾ?"

ಟೀಚರ್ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. "ಇಲ್ಲ. ಪುಸ್ತಕದ ಲೆಕ್ಕದಲ್ಲಿ ಎಲ್ಲರೂ ಸತ್ಯವೇ ಹೇಳುತ್ತಾರೆ, ಅಲ್ವಾ?"

"ಸಹಿ ಹಾಕುವ ಮೊದಲು ಎಂತ ನೋಡಬೇಕು ಅಂತ ಉಂಟಾ?"

"ಅದೂ ಇಲ್ಲ." ಟೀಚರ್ ತಾವಾಗಿಯೇ ಹೇಳಿದರು, "ಸತ್ಯ ಹೇಳುತ್ತೇನೆ ಅಕ್ಕ, ನಮ್ಮ ಮನೆಸಾಲದ ಕಾಗದ ನಾನೂ ಪೂರ್ತಿ ಓದಿಲ್ಲ. ಬೇಗ ಬೇಗ ಅಂದರು, ಹಾಕಿದೆ."

"ಹಾಗಾದರೆ ನನಗೆ ಶನಿವಾರ ಒಂದು ಪೀರಿಯಡ್ ಕೊಡಿ. ನೀವೂ ಬಂದು ಕೂತುಕೊಳ್ಳಿ!"

ಆ ಮೊದಲ ಶನಿವಾರವನ್ನು ನೀವು ನೋಡಬೇಕಿತ್ತು! ಅಕ್ಕ ಎರಡು ಬುಟ್ಟಿ ಒಯ್ದಿದ್ದಳು. ಒಂದರಲ್ಲಿ ಗುಳ್ಳ, ಇನ್ನೊಂದರಲ್ಲಿ ಊರಿನವರಿಂದ ಒಟ್ಟು ಮಾಡಿದ ಚೀಟಿ, ಬಿಲ್ಲು, ರಶೀದಿ. ಮೊದಲು ಪ್ರತಿ ಮಗುವಿಗೂ ಒಂದು ಕಾಯಿ ಕೊಟ್ಟು, ಹುಳ ಹೊಕ್ಕ ತೂತು ಹುಡುಕಿಸಿದಳು. ಮಕ್ಕಳು ಬೆಂಚಿನ ಮೇಲೆ ಹತ್ತಿ ಬೊಬ್ಬೆ ಹಾಕಿ ಹುಡುಕಿದರು. ಆಮೇಲೆ ಕಾಗದ ಕೊಟ್ಟಳು. "ಈಗ ಇದರ ತೊಟ್ಟಿನ ಅಡಿ ನೋಡಿ. ಹಿಂದಿನ ಪುಟ, ಸಣ್ಣ ಅಕ್ಷರ, ನಕ್ಷತ್ರ ಹಾಕಿದ ಜಾಗ. ಅರ್ಥ ಆದ ಸಾಲಿನ ಕೊನೆಗೆ ಪಿನ್ನಿನಿಂದ ಒಂದು ತೂತು ಹಾಕಿ. ತೂತಿಲ್ಲದ ಸಾಲು ಒಂದು ಉಳಿದರೂ ಸಹಿ ಇಲ್ಲ. ಮಂತ್ರಿ ಬಂದು ಕೇಳಿದರೂ ಇಲ್ಲ!"

ಮುಗಿದ ಕಾಗದವನ್ನು ಕಿಟಕಿಗೆ ಹಿಡಿಯುವುದು. ತೂತುಗಳಿಂದ ಬೆಳಕು ಬಂದರೆ ಓದಿದ್ದು ಹೌದು. ಎಲ್ಲಿ ಕತ್ತಲೆಯೋ ಅಲ್ಲಿ ಕೇಳಬೇಕು. ಹೆಡ್‌ಟೀಚರ್ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತು ತಮ್ಮ ಮನೆಸಾಲದ ಕಾಗದಕ್ಕೆ ಪಿನ್ನು ಚುಚ್ಚುತ್ತಿದ್ದರು.

ಮೂರನೇ ವಾರ ಆರನೇ ಕ್ಲಾಸಿನ ಒಬ್ಬಳು ತನ್ನ ಅಜ್ಜಿಯ ಬೆಂಡೋಲೆ ಅಡವಿಟ್ಟ ಚೀಟಿ ತಂದಿದ್ದಳು. ಹಿಂದಿನ ಪುಟದಲ್ಲಿ ಹರಾಜಿನ ತಾರೀಕು ಇತ್ತು. ಅದಕ್ಕೆ ನಾಲ್ಕೇ ದಿನ! ಆ ಮಗು ಕ್ಲಾಸಿನಿಂದಲೇ ಓಡಿತು. ಅಕ್ಕ ನನ್ನನ್ನು ಟೆಂಪೊ ಸಮೇತ ಹಿಂದೆ ಓಡಿಸಿದಳು. ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾಪುವಿನ ಆ ಅಡವಿನ ಅಂಗಡಿಗೆ ಹೋಗಿ, ಬಾಗಿಲು ಹಾಕುವ ಹೊತ್ತಿಗೆ ಬಡ್ಡಿ ಕಟ್ಟಿಸಿ ಬಂದೆವು. ಸೋಮವಾರ ಆ ಅಜ್ಜಿ ಬೆಲ್ಲ ಹಂಚಿದರು. ಇಡೀ ಶಾಲೆಗೆ!

ಮತ್ತೆ ಊರಿನಲ್ಲಿ ಗಲಾಟೆ. ಗಂಡಸರು ಅಂಗಡಿಯ ಹತ್ತಿರ ನನ್ನನ್ನು ತಡೆದು ನಿಲ್ಲಿಸುತ್ತಿದ್ದರು. ಒಂದು ದಿನ ಒಬ್ಬ ಕೇಳಿದ, "ನಿನ್ನ ಅಕ್ಕ ಮಕ್ಕಳಿಗೆ ಎಂತ ಕಲಿಸಿಟ್ಟಿದ್ದಾಳೆ ಮಾರಾಯ? ಕಂತಿನಲ್ಲಿ ಟಿವಿ ತೆಗೊಳ್ಳುವ ಅಂತ ಉಡುಪಿಗೆ ಹೋದರೆ ನನ್ನ ಮಗಳು ಅಂಗಡಿಯವನೆದುರು ಪಿನ್ನು ತೆಗೆಯುತ್ತಾಳೆ! ಬಡ್ಡಿ ಇಲ್ಲ ಅಂದರೆ ಈ ಪ್ರೊಸೆಸಿಂಗ್ ಫೀಸು ಎಂತದ್ದು ಅಂತ ಕೇಳುತ್ತಾಳೆ!"

"ಟಿವಿ ತಂದೆಯಾ?"

"ತಂದೆ. ಆದರೆ ಆ ಪ್ರೊಸೆಸಿಂಗ್ ಬಿಡಿಸಿಯೇ ತಂದೆ" ಎನ್ನುವಾಗ ಅವನ ಮೀಸೆಯ ಕೆಳಗೆ ನಗು.

ನನಗೂ ಖುಷಿಯೋ ಖುಷಿ. ಆದರೆ ಪ್ರತಿ ಶನಿವಾರ ಪಾಠದ ಮೊದಲಿಗೆ ಅಕ್ಕ ತನ್ನ ಕತೆ ಹೇಳುತ್ತಿದ್ದಳು. ಪಿ.ಎಫ್., ಏಜೆಂಟರು, ಮಗಳು. ಅದರಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು. "ನನ್ನ ತಮ್ಮ ಒಂಬತ್ತನೆಯವರೆಗೆ ಹೋದವ. ಅವ ಇಡೀ ಕಾಗದ ಓದಿದ. ಆದರೂ ನಮಗೆ ಹೀಗಾಯಿತು." ಮಕ್ಕಳೆಲ್ಲ ಬಾಗಿಲಲ್ಲಿ ನಿಂತ ನನ್ನನ್ನು ಪಾಪ ಎಂಬಂತೆ ನೋಡುತ್ತಿದ್ದರು. ನಾನು ಟಯರಿನ ಗಾಳಿ ನೋಡುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಆ ಟೆಂಪೊದ ಟಯರನ್ನು ನಾನು ಆ ವರ್ಷ ನೋಡಿದಷ್ಟು ಯಾವ ವರ್ಷವೂ ನೋಡಿಲ್ಲ.

ಬೇಸಗೆ ಬರುವ ಮೊದಲು ಹೆಡ್‌ಟೀಚರ್ ತಮ್ಮ ಊರಿನ ಕಡೆಯ, ಕಾರ್ಕಳದ ಒಂದು ಶಾಲೆಗೆ ಅಕ್ಕನನ್ನು ಕರೆಸಿದರು. ಶಿರ್ವ, ಬೆಳ್ಮಣ್ ದಾಟಿ ಹೋಗುವಾಗ ಅಕ್ಕ ಮಡಿಲಲ್ಲಿ ಗುಳ್ಳದ ಬುಟ್ಟಿ ಇಟ್ಟುಕೊಂಡು ಮದುವಣಗಿತ್ತಿಯ ಹಾಗೆ ಕೂತಿದ್ದಳು. ಅಲ್ಲಿ ದೊಡ್ಡ ಹಾಲ್, ಮೈಕು, ನೂರಕ್ಕೂ ಹೆಚ್ಚು ಮಕ್ಕಳು, ಹಿಂದೆ ನಿಂತ ತಾಯಂದಿರು. ಅಕ್ಕ ಮೈಕನ್ನು ಬದಿಗೆ ಸರಿಸಿ ತನ್ನ ಗಂಟಲಿನಲ್ಲೇ ಶುರು ಮಾಡಿದಳು. ಕತೆ ಬಂತು. ಆ ಮಾತೂ ಬಂತು.

ಮುಂದಿನ ಸಾಲಿನಿಂದ ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಅಕ್ಕ, ಆ ಮಾಮ ಇಡೀ ಕಾಗದ ಓದಿಯೂ ಮೋಸ ಆಯಿತು ಅಂದರೆ, ಮತ್ತೆ ನಾವು ಓದಿ ಎಂತ ಪ್ರಯೋಜನ?"

ಹಿಂದೆ ಇಬ್ಬರು ತಾಯಂದಿರು, "ಹೌದಲ್ವಾ, ಓದಿದವನಿಗೇ ಹೀಗಾದರೆ" ಎಂದು ತಲೆ ಆಡಿಸಿದರು. ಮಾತಿಗೆ ಎಂದೂ ತಡವರಿಸದ ಅಕ್ಕ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಗುಳ್ಳವನ್ನು ತಿರುಗಿಸುತ್ತಾ ನೆಲ ನೋಡುತ್ತಿದ್ದಳು. ನನ್ನ ಒಂದು ಸುಳ್ಳು ಅವಳ ಇಷ್ಟು ತಿಂಗಳ ಪಾಠವನ್ನು ಆ ಮಕ್ಕಳೆದುರು ಹಾಳು ಮಾಡುತ್ತಿತ್ತು. ನಾನು ಸುಮ್ಮನಿದ್ದರೆ ಆ ಹುಡುಗಿ ಓದುವುದು ದಂಡ ಎಂದು ಕಲಿತು ಮನೆಗೆ ಹೋಗುತ್ತಿದ್ದಳು.

"ಆ ಮಾಮ ಓದಲಿಲ್ಲ" ಎಂದೆ.

ಎಲ್ಲರೂ ತಿರುಗಿದರು. "ಆ ಮಾಮ ನಾನೇ. ನಾನು ಓದಲಿಲ್ಲ ಮಕ್ಕಳೇ. ಓದಿದ ಹಾಗೆ ಮಾಡಿದೆ. ನನಗೆ ಸರ್ ಅಂದರು, ನಾನು ಸಹಿ ಹಾಕಿದೆ. ಅಕ್ಕ ಕೇಳಿದಾಗ ಓದಿದೆ ಅಂದೆ. ಆಫೀಸಿನಲ್ಲಿ ಇನ್ನೊಮ್ಮೆ ಸುಳ್ಳು ಹೇಳಿದೆ. ಕಟ್ಟಿ ಅಂತ ಮೆಸೇಜು ನನಗೇ ಬಂದಿತ್ತು, ಅಳಿಸಿದೆ. ಅವಳ ಮಗಳ ವರ್ಷ ಹೋದದ್ದು ನನ್ನಿಂದ."

ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಅಕ್ಕ ಗುಳ್ಳವನ್ನು ಬುಟ್ಟಿಗೆ ಹಾಕಿ ತನ್ನ ಚೀಲಕ್ಕೆ ಕೈ ಹಾಕಿದಳು. ಅದೇ ಪ್ಲಾಸ್ಟಿಕ್ಕು, ಅದೇ ಕಾಗದ. ಪ್ರತಿ ಶನಿವಾರವೂ ಅದು ಚೀಲದಲ್ಲೇ ಇತ್ತು ಎಂದು ನನಗೆ ಗೊತ್ತಿರಲಿಲ್ಲ. ಬಳೆಯಿಂದ ಪಿನ್ನು ಬಿಚ್ಚಿ, ಎರಡನ್ನೂ ನನ್ನ ಕೈಗೆ ಕೊಟ್ಟಳು.

"ಬಾ ಮಾರಾಯ. ಈಗ ಓದು. ಮೊದಲಿನಿಂದ."

ಓದಿದೆ. ನೂರು ಮಕ್ಕಳೆದುರು, ಅಕ್ಷರ ಕೂಡಿಸಿ ಕೂಡಿಸಿ, ಬೆವರು ಒರೆಸುತ್ತಾ ಓದಿದೆ. ಮೊದಲ ಕನ್ನಡ ಸಾಲಿನ ಕೊನೆಗೆ ಪಿನ್ನು ಚುಚ್ಚಲು ಹೋದರೆ ಅಲ್ಲಿ ಆಗಲೇ ಒಂದು ತೂತು ಇತ್ತು. ಎರಡನೆಯದರಲ್ಲೂ ಇತ್ತು. ಪುಟ ಎತ್ತಿ ಕಿಟಕಿಯ ಕಡೆ ಹಿಡಿದೆ. ಪ್ರತಿ ಕನ್ನಡ ಸಾಲಿನ ಕೊನೆಯಲ್ಲೂ ಬೆಳಕಿನ ಒಂದು ಚುಕ್ಕೆ! ನಾಲ್ಕನೆಯ ಪುಟದಲ್ಲಿ, ಕನ್ನಡದಲ್ಲಿ, ನನ್ನಂಥವನೂ ಓದುವ ಹಾಗೆ ಬರೆದಿತ್ತು: ಕಂತನ್ನು ಪ್ರತಿ ವರ್ಷ ಪಾವತಿಸತಕ್ಕದ್ದು. ಅಲ್ಲಿ ತೂತು ಒಂದಲ್ಲ, ನಾಲ್ಕೈದು. ಆ ಮಳೆಗಾಲದ ಸಂಜೆಗಳು ಆಗ ನನಗೆ ಅರ್ಥವಾದವು.

"ಅಲ್ಲಿ ನಿಂತೆ ಯಾಕೆ? ತುಳುವಿನಲ್ಲಿ ಹೇಳು" ಎಂದಳು ಅಕ್ಕ.

"ವರ್ಸೊಗೊರ ಕಟ್ಟೊಡು" ಎಂದೆ. ವರ್ಷಕ್ಕೊಮ್ಮೆ ಕಟ್ಟಬೇಕು. ಆ ಬಿಗಿ ಕನ್ನಡ ಮನೆಮಾತಿಗೆ ಇಳಿದದ್ದೇ ಮಕ್ಕಳು ಗೊಳ್ಳೆಂದು ನಕ್ಕರು. ಆಮೇಲೆ ಒಂದೊಂದು ಸಾಲಿಗೂ ಅವರೇ ಮುಂಚೆ ತುಳುವಿನಲ್ಲಿ ಕೂಗತೊಡಗಿದರು. ಕೊನೆಯ ಪುಟಕ್ಕೆ ಬರುವಾಗ ಅದು ಪಾಠವೋ ಆಟವೋ ತಿಳಿಯದಷ್ಟು ಗದ್ದಲ. ನನ್ನ ಸಹಿಯ ಮೇಲೆ, ನಾನು ಎಂದೂ ನೋಡದಿದ್ದ ಒಂದು ಸಾಲು ಇತ್ತು: ಈ ಅರ್ಜಿಯ ಎಲ್ಲ ವಿಷಯವನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲಿ ಓದಿ ಹೇಳಿದ್ದೇನೆ, ಅವರು ಅರ್ಥ ಮಾಡಿಕೊಂಡಿದ್ದಾರೆ. ಇಡೀ ಕಾಗದದಲ್ಲಿ ತೂತಿಲ್ಲದ ಕನ್ನಡ ಸಾಲು ಅದೊಂದೇ.

ಅಕ್ಕ ನನ್ನ ಕೈಯಿಂದ ಪಿನ್ನು ತೆಗೆದುಕೊಂಡು ಆ ಸಾಲಿಗೆ ತಾನೇ ಚುಚ್ಚಿದಳು. "ಹಾಂ. ಈಗ ನಿನ್ನ ಸಹಿ ಸರಿ ಆಯಿತು." ಮತ್ತೆ ಎರಡು ಜಡೆಯವಳ ಕಡೆ ತಿರುಗಿ, "ಓದಿ ಪ್ರಯೋಜನ ಉಂಟಾ ಇಲ್ಲವಾ?" ಎಂದು ಕೇಳಿದಳು.

"ಉಂಟು!" ಎಂದು ಇಡೀ ಹಾಲ್ ಕೂಗಿತು. ಹೊರಗಿನ ಮರದ ಕಾಗೆಗಳು ಹಾರಿದವು.

ಹಿಂದೆ ಬರುವಾಗ ಬೆಳ್ಮಣ್ಣಿನ ಹತ್ತಿರ ಕೇಳಿದೆ, "ಗೊತ್ತಿದ್ದೂ ಯಾಕೆ ಎಲ್ಲರೆದುರು ನಾನು ಓದಿದೆ ಅಂತ ಹೇಳುತ್ತಿದ್ದೆ?"

"ಮತ್ತೆ? ತಮ್ಮ ಸುಳ್ಳ ಅಂತ ಹೇಳಬೇಕಿತ್ತಾ? ಅದನ್ನು ನೀನೇ ಹೇಳಬೇಕು." ಸ್ವಲ್ಪ ದೂರ ಹೋದ ಮೇಲೆ ನಗುತ್ತಾ ಸೇರಿಸಿದಳು, "ಎಷ್ಟು ಶನಿವಾರ ತೆಗೊಂಡೆ ಮಾರಾಯ! ಮುಳ್ಳಾಗಿದ್ದರೆ ಇಷ್ಟು ಹೊತ್ತಿಗೆ ಕೀವು ಆಗುತ್ತಿತ್ತು."

ಅಕ್ಕನ ಮಗಳಿಗೆ ಅದೇ ಸಂಜೆ ನಾನೇ ಹೇಳಿದೆ. ಎರಡು ತಿಂಗಳು ಅವಳು ನನ್ನೊಡನೆ ಮಾತು ಬಿಟ್ಟಳು, ಬಿಡಬೇಕಾದದ್ದೇ. ಮುಂದಿನ ಮಳೆಗಾಲದಲ್ಲಿ ಮತ್ತೆ ಸೀಟು ಸಿಕ್ಕಿತು. ಈಗ ಎರಡನೇ ವರ್ಷದಲ್ಲಿದ್ದಾಳೆ. ಫೀಸಿನ ಅರ್ಧ ಗುಳ್ಳದ್ದು, ಅರ್ಧ ಟೆಂಪೊದ್ದು. ಅಷ್ಟರಿಂದ ಹೋದ ವರ್ಷ ಹಿಂದೆ ಬರುವುದಿಲ್ಲ, ಗೊತ್ತಿದೆ. ಆದರೆ ಹಾಸ್ಟೆಲ್ ಸೇರುವ ದಿನ ಅವಳು ಅಲ್ಲಿಯ ನಿಯಮಗಳ ಕಾಗದವನ್ನು ನನ್ನ ಮೊಬೈಲಿಗೆ ಫೋಟೋ ತೆಗೆದು ಕಳುಹಿಸಿದಳು. ಕೆಳಗೆ ಬರೆದಿದ್ದಳು, "ಮಾವ, ಓದಿ ಹೇಳಿ." ನನಗಿಂತ ಎಷ್ಟೋ ಪಾಲು ಚೆನ್ನಾಗಿ ಓದಬಲ್ಲ ಹುಡುಗಿ! ಟೆಂಪೊವನ್ನು ರಸ್ತೆಯ ಬದಿಗೆ ಹಾಕಿ, ಅರ್ಧ ಗಂಟೆ ಕೂತು, ಫೋನಿನಲ್ಲಿ ಒಂದಕ್ಷರ ಬಿಡದೆ ಓದಿ ಹೇಳಿದೆ.

ಈ ಬರಹವನ್ನೂ ಪತ್ರಿಕೆಗೆ ಕಳುಹಿಸುವ ಮೊದಲು ಅಕ್ಕನ ಜಗಲಿಯಲ್ಲಿ ಕೂತು ತುಳುವಿಗೆ ತಿರುಗಿಸುತ್ತಾ ಓದಿದೆ. ಅವಳು ಪಕ್ಕದಲ್ಲಿ ಒಂದು ಕಣ್ಣು ಮುಚ್ಚಿ, ಸಾಲು ಮುಗಿದಲ್ಲೆಲ್ಲ ಪಿನ್ನು ಚುಚ್ಚುತ್ತಾ ಬಂದಳು. ಏಜೆಂಟರು ಬಂದ ಜಾಗದಲ್ಲಿ ಪಿನ್ನು ನಿಂತಿತು.

"ಇಲ್ಲಿ ಪೂರ್ತಿ ಇಲ್ಲ. ಚಾ ನಾನು ಕೊಟ್ಟೆ. ಅವ ತಂದ ಬಿಸ್ಕೂಟಿನ ಪ್ಯಾಕೆಟಿನಲ್ಲಿ ಆರು ನೀನು ತಿಂದದ್ದು ಎಲ್ಲಿ ಉಂಟು?"

ಇಲ್ಲಿ ಬರೆದೆ. ಆಮೇಲೆ ಆ ಸಾಲಿಗೂ ಚುಚ್ಚಿದಳು.

ಇದರಲ್ಲಿರುವ ಎಲ್ಲ ವಿಷಯವನ್ನು ನನ್ನ ಅಕ್ಕನಿಗೆ ಅವಳ ಭಾಷೆಯಲ್ಲಿ ಓದಿ ಹೇಳಿದ್ದೇನೆ.